ಹತ್ತು ಐವತ್ತೆರಡಕ್ಕೆ ತೆರೆದ ಬಾಗಿಲು

"ಅಕ್ಕಾ, ಸುನೀಲಕುಮಾರ್ ಒಳಗ ಬಂದಾನ. ಅವನ ಕಾರ್ಡಿಗೆ ಬಾಗಿಲಾ ಹೆಂಗ ತೆರೀತು?"

ಐಶ್ವರ್ಯಾ ಇಷ್ಟು ಕೇಳುವಷ್ಟರಲ್ಲಿ ಅವಳ ಫೋನು ನೆಲಕ್ಕೆ ಬಿತ್ತು. ಆಮೇಲೆ ಸುಜಾತಾಳ ಕಿವಿಗೆ ಬಿದ್ದದ್ದು ಮಾತಲ್ಲ. ಕುರ್ಚಿ ಉರುಳಿದ ಸದ್ದು, ತಲೆಯೋ ಏನೋ ಗೋಡೆಗೆ ಬಡಿದ ಸದ್ದು, ಮತ್ತೆ ಅದೇ ಸದ್ದು, ನಡುವೆ ಗಂಡಸಿನ ಏದುಸಿರು. ಕಲಬುರಗಿಯ ಗಾಜಿಪುರದಲ್ಲಿ ಕೂತವಳು ಅಷ್ಟು ದೂರದ ಕಮಲಾಪುರದಲ್ಲಿ ನಡೆಯುವ ಹೊಡೆತಕ್ಕೆ ಏನು ಮಾಡಿಯಾಳು? ಬಿಡೋ, ಬಿಡೋ ಎಂದು ಫೋನಿನೊಳಗೇ ಚೀರಿದಳು. ಆಮೇಲೆ ಬುದ್ಧಿ ಬಂದು ಮೇಜಿನ ಫೋನಿನಿಂದ ಪೊಲೀಸರಿಗೆ ಹೇಳಿದಳು, ಅಲ್ಲಿನ ವಾಚ್‌ಮನ್ ವಕಾರನಿಗೆ ಹೇಳಿದಳು. ವಕಾರ್ ಕೆಂಪು ಬಾಳೆಹಣ್ಣು ಕೊಳ್ಳಲು ರಸ್ತೆಗೆ ಹೋಗಿದ್ದ. ಅವನು ಓಡಿ ಬಂದು ಸುನೀಲಕುಮಾರನನ್ನು ಹಿಂದಿನಿಂದ ಹಿಡಿದು ಕೆಡವುವ ಹೊತ್ತಿಗೆ ಐಶ್ವರ್ಯಾಳ ದವಡೆ ಮುರಿದಿತ್ತು, ಎಡಗೈ ಎರಡು ಕಡೆ ಮುರಿದಿತ್ತು.

ಅವರದು ಖಾಸಗಿ ನರ್ಸಿಂಗ್ ಕಾಲೇಜು. ಕಲಬುರಗಿಯಲ್ಲೊಂದು ಕಟ್ಟಡ, ಕಮಲಾಪುರದಲ್ಲೊಂದು. ಯಾರ ಕಾರ್ಡಿಗೆ ಯಾವ ಬಾಗಿಲು ತೆರೆಯಬೇಕು ಎಂಬ ಹೆಸರಿನ ಪಟ್ಟಿಗೆ ಡೈರೆಕ್ಟರಿ ಅನ್ನುತ್ತಿದ್ದರು. ಎರಡೂ ಕಡೆಯ ಸರ್ವರ್‌ಗಳಲ್ಲಿ ಅದೇ ಪಟ್ಟಿ. ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ತಾನೇ ಹೋಗುತ್ತಿತ್ತು. ನೋಡಿಕೊಳ್ಳುವವಳು ಸುಜಾತಾ. ಸ್ಟೋರ್ ಕೀಪರ್ ಸುನೀಲಕುಮಾರ್ ಲ್ಯಾಬಿನ ಐಶ್ವರ್ಯಾಳ ಬೆನ್ನು ಬಿದ್ದು, ನನ್ನ ಮದುವೆಯಾಗದಿದ್ದರೆ ಮುಖ ಉಳಿಸೋದಿಲ್ಲ ಎಂದು ಹೆದರಿಸಿದ್ದಕ್ಕೆ ಹದಿನೈದು ದಿನದ ಹಿಂದೆ ಅವನನ್ನು ಕೆಲಸದಿಂದ ತೆಗೆದಿದ್ದರು. ಪಟ್ಟಿಯಿಂದ ಅವನ ಹೆಸರು ಅಳಿಸಿದ್ದೂ ಸುಜಾತಾಳೇ. ಇನ್ನ ಆರಾಮ ಇರು ಎಂದು ಐಶ್ವರ್ಯಾಗೆ ಹೇಳಿದ್ದೂ ಅವಳೇ.

ಇವತ್ತು ರವಿವಾರ, ಕಮಲಾಪುರದ ಲ್ಯಾಬಿನಲ್ಲಿ ಐಶ್ವರ್ಯಾ ಒಬ್ಬಳದೇ ಡ್ಯೂಟಿ. ಹೊಸ ಹಾಜರಿ ಪ್ರೋಗ್ರಾಮಿನ ಟೆಸ್ಟಿಂಗ್ ಇತ್ತು. ಒಂದೊಂದು ಟೆಸ್ಟಿಗೂ ಇದೇ ಪಟ್ಟಿಯಲ್ಲಿ ನೂರಾರು ಸುಳ್ಳು ಹೆಸರು ತುಂಬಬೇಕು, ಆಮೇಲೆ ಎರಡೂ ಸರ್ವರ್ ನಿಲ್ಲಿಸಿ, ಬರಿದು ಮಾಡಿ, ಒಂದೇ ಬ್ಯಾಕಪ್ಪಿನಿಂದ ಮತ್ತೆ ತುಂಬಿಸಬೇಕು. ಒಂದನ್ನು ಬಿಟ್ಟರೆ ಅದು ತನ್ನ ಕಸವನ್ನೆಲ್ಲ ಇನ್ನೊಂದಕ್ಕೆ ಸುರಿಯುತ್ತದೆ. ಟೆಸ್ಟಿಂಗಿಗೆ ಬೇರೆ ಸರ್ವರ್ ಬೇಕೆಂದು ಮ್ಯಾನೇಜರ್ ಅಣವೀರಪ್ಪನವರಿಗೆ ಅವಳು ಮೂರು ಸಲ ಹೇಳಿದ್ದಳು. ರವಿವಾರ ಯಾರ್ ಬರ್ತಾರ, ಇದರಾಗೇ ಮಾಡ್ರಿ ಎಂದು ಅವರು ಕೈ ಬೀಸಿದ್ದರು. ಹೋದ ವಾರದ ಬ್ಯಾಕಪ್ಪಿನಲ್ಲಿ ಸುಳ್ಳು ಹೆಸರು ಸೇರಿಕೊಂಡಿದ್ದವು. ಸ್ವಚ್ಛವಾದದ್ದಿರಲಿ ಎಂದು ಸುಜಾತಾ ತಿಂಗಳ ಹಿಂದಿನದನ್ನು ಆರಿಸಿ, ಹತ್ತು ಗಂಟೆ ಹತ್ತು ನಿಮಿಷಕ್ಕೆ ಎರಡೂ ಕಡೆ ತುಂಬಿಸಿದಳು. ತಿಂಗಳ ಹಿಂದೆ ಸುನೀಲಕುಮಾರ್ ಇನ್ನೂ ಕೆಲಸದಲ್ಲಿದ್ದ. ಅವಳಿಗೆ ಹೊಳೆಯಲೇ ಇಲ್ಲ. ಆ ಪಾಪಿ ಕಾರ್ಡನ್ನು ವಾಪಸು ಕೊಟ್ಟಿರಲಿಲ್ಲ. ಎರಡು ರವಿವಾರ ಬಂದು ಬಾಗಿಲಿಗೆ ಉಜ್ಜಿ ಉಜ್ಜಿ ನೋಡಿ ಹೋಗಿದ್ದ. ಇವತ್ತು ತೆರೆಯಿತು.

ಮಧ್ಯಾಹ್ನ ಅಣವೀರಪ್ಪ ಬಂದು ಕೋಣೆಯ ಬಾಗಿಲು ಮುಂದೆ ಮಾಡಿದರು. ಸ್ಟೇಷನ್ನಿನಲ್ಲಿ ಸುನೀಲಕುಮಾರ್, ಐಶ್ವರ್ಯಾಳೇ ಕರೆದಳು, ಅವಳೇ ಬಾಗಿಲು ತೆಗೆದಳು ಎಂದು ಹೇಳುತ್ತಿದ್ದಾನಂತೆ. ಯಾರು ಯಾವಾಗ ಏನು ಮಾಡಿದರೆಂದು ಸರ್ವರ್ ತಾನೇ ಬರೆದಿಟ್ಟುಕೊಳ್ಳುತ್ತದೆ: ಹತ್ತು ಹತ್ತಕ್ಕೆ ಸುಜಾತಾಳ ಹೆಸರು, ಅದರ ಕೆಳಗೆ ಹತ್ತು ಐವತ್ತೆರಡಕ್ಕೆ ಅವನ ಕಾರ್ಡು.

"ಇನ್ನೊಮ್ಮಿ ರೀಸೆಟ್ ಮಾಡ್ರಿ," ಅಂದರು. "ಎರಡೂ ಸಾಲು ಹೋಗ್ತಾವ. ನಿಮ್ಮ ನೌಕರಿನೂ ಉಳೀತದ, ನಂದೂ ಉಳೀತದ."

"ಆ ಸಾಲು ಹೋದ್ರ, ಅವ ಹೇಳಿದ್ದೇ ಖರೆ ಆಗ್ತದ್ರಿ."

ಸುಳ್ಳೇಕೆ, ಒಂದು ಗಳಿಗೆ ಸುಜಾತಾಳ ಕೈಯೂ ಕೀಬೋರ್ಡಿನ ಮೇಲೆ ಹೋಗಿತ್ತು. ಅವಳಿಗೆ ನೌಕರಿ ಬೇಕಾಗಿತ್ತು, ಅದಕ್ಕಿಂತ ಹೆಚ್ಚಾಗಿ ಇದು ತನ್ನಿಂದ ಆಗಲೇ ಇಲ್ಲ ಎಂದಾಗಬೇಕಿತ್ತು. ಆದರೆ ಗೋಡೆಗೆ ಬಡಿದ ಆ ಸದ್ದು ಕಿವಿ ಬಿಟ್ಟಿರಲಿಲ್ಲ. ಅವಳು ಎರಡೂ ಸಾಲನ್ನು ಪ್ರಿಂಟಿಗೆ ಕೊಟ್ಟಳು. ಅಣವೀರಪ್ಪ ಹಾಳೆ ಕಸಿಯಲು ಬಂದು ಅವಳ ಮುಂಗೈ ತಿರುಚಿದರು. ಅವಳು ಇನ್ನೊಂದು ಕೈಯಿಂದ ಕೀಬೋರ್ಡನ್ನು ಎಳೆದೆತ್ತಿ ಅವರ ಹಣೆಗೆ ಬಾರಿಸಿದಳು. ಗುಂಡಿಗಳು ಚೆಲ್ಲಾಡಿದವು, ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಜೀವಮಾನದಲ್ಲಿ ಯಾರಿಗೂ ಕೈ ಮಾಡದವಳು, ಇನ್ನೊಂದು ಬಿಗಿಯಬೇಕು ಎನ್ನಿಸಿದ್ದಕ್ಕೆ ತಾನೇ ಹೆದರಿ, ಹಾಳೆ ಹಿಡಿದು ಹೊರಗೆ ಬಂದಳು.

ಐಶ್ವರ್ಯಾಳನ್ನು ತಂದಿದ್ದ ಕಲಬುರಗಿಯ ಆಸ್ಪತ್ರೆಯ ಬಾಗಿಲಲ್ಲೇ ಪೊಲೀಸರಿದ್ದರು. ಹಾಳೆಯ ಕೆಳಗೆ ಸಹಿ ಮಾಡಿ ಕೊಟ್ಟಳು. ಕಮಲಾಪುರದ ಸರ್ವರ್ ಈಗಲೇ ವಶಕ್ಕೆ ತಗೊಳ್ಳಿ, ಸಂಜೆತನಕ ಕಾಯಬೇಡಿ, ಸಾಲು ಅಳಿಸಿಬಿಡುತ್ತಾರೆ ಎಂದಳು. ಮೊದಲನೇ ಸಾಲಿನ ಹೆಸರು ಯಾರದು ಎಂದು ಕೇಳಿದರು. ನನ್ನದೇ ಎಂದಳು.

ಒಳಗೆ ಐಶ್ವರ್ಯಾಳ ದವಡೆಗೆ ಪಟ್ಟಿ ಬಿಗಿದಿದ್ದರು. ಮಾತು ಬರುವ ಹಾಗಿರಲಿಲ್ಲ. ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಹೇಗೆ ಹೇಳಬೇಕೆಂದು ಸುಜಾತಾ ಆಟೋದಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದಳು, ಎದುರು ನಿಂತಾಗ ಒಂದೂ ನೆನಪಾಗಲಿಲ್ಲ.

"ಬಾಗಿಲಾ ನಾ ತೆಗದೀನವ್ವ," ಅಂದಳು. "ಗೊತ್ತಿಲ್ಲದ ತೆಗದೀನಿ. ಆದ್ರ ತೆಗದಾಕಿ ನಾನೇ."

ತೆರೆದಿದ್ದ ಒಂದೇ ಕಣ್ಣಿನಿಂದ ಐಶ್ವರ್ಯಾ ಬಹಳ ಹೊತ್ತು ನೋಡಿದಳು. ಆಮೇಲೆ ಸಲೈನಿನ ಸೂಜಿ ಚುಚ್ಚಿದ್ದ ಬಲಗೈ ಎತ್ತಿ ಸುಜಾತಾಳ ಕೆನ್ನೆಗೆ ಹೊಡೆದಳು. ಸುಜಾತಾ ಅಲ್ಲಾಡಲಿಲ್ಲ. ಮತ್ತೊಮ್ಮೆ ಹೊಡೆದಳು, ಸೂಜಿಯ ಬುಡದಲ್ಲಿ ರಕ್ತ ಒಸರಿತು. ಮೂರನೆಯ ಸಲ ಕೈ ಅರ್ಧಕ್ಕೇ ಸೋತು ಹಾಸಿಗೆಗೆ ಬಿತ್ತು.

ಅಷ್ಟರಲ್ಲಿ ಹಿಂದೆ ವಾರ್ಡಿನ ಬಾಗಿಲು ತೆರೆದ ಸದ್ದಾಯಿತು. ಐಶ್ವರ್ಯಾಳ ಮೈಯೆಲ್ಲ ಮುದುಡಿತು. ಅದೇ ಕೈ ತಡವರಿಸಿ ಸುಜಾತಾಳ ಮುಂಗೈಯನ್ನು ಉಗುರು ಊರುವಂತೆ ಹಿಡಿಯಿತು.

"ಸಿಸ್ಟರ್ ಬಂದಾರವ್ವ, ಸಿಸ್ಟರ್," ಅಂದಳು ಸುಜಾತಾ.

ಸಿಸ್ಟರ್ ಬಾಟಲಿ ಬದಲಿಸಿ ಹೋದರು. ಐಶ್ವರ್ಯಾ ಹಿಡಿದ ಕೈ ಬಿಡಲಿಲ್ಲ. ಸುಜಾತಾ ಕಾಲಿನಿಂದಲೇ ಸ್ಟೂಲನ್ನು ಎಳೆದುಕೊಂಡು, ಬಾಗಿಲಿಗೆ ಮುಖ ಮಾಡಿ ಕೂತಳು.