ಗಡಿಯೊಳಗೆ ಬಾಯಿ ಬಿಡದ ಜವರಯ್ಯ

ಬಾಯಿಗೆ ಅಕ್ಕಿ ಹಾಕಲು ಹೊರಟರೆ ಹೆಣದ ಬಾಯಿ ತೆರೆಯಲೇ ಇಲ್ಲ. ಪಕ್ಕದ ಮನೆಯ ಪುಟ್ಟರಾಜು ಗಲ್ಲ ಹಿಡಿದು ಅದುಮಿದ. ಹನ್ನೆರಡು ಆನೆ ಕಟ್ಟಿ ಎಳೆದಿದ್ದರೂ ಜವರಯ್ಯನ ದವಡೆ ಜಗ್ಗುತ್ತಿರಲಿಲ್ಲ.

"ಬುಟ್ಬುಡಣ್ಣ," ಎಂದಳು ಹೆಂಡತಿ ರಾಮಮ್ಮ. "ಎರಡು ವರ್ಸದಿಂದ ನಂಗೇ ತೆಗೀಲಿಲ್ಲ, ನಿಂಗೆ ತೆಗೀತಾನಾ? ತುಟಿ ಮ್ಯಾಲೇ ಹಾಕು."

ಅಳಲು ಬಂದಿದ್ದ ಹೆಂಗಸರು ಸೆರಗಿನೊಳಗೇ ನಕ್ಕರು. ರಾಮಮ್ಮ ನಗಲಿಲ್ಲ. ತಾನು ಆಡಿದ ಒಂದು ಮಾತಿಗೆ ಮುನಿದೇ ಗಂಡ ಮೂಕನಾದನೆಂಬ ಗುಟ್ಟು ಅವಳೊಬ್ಬಳ ಎದೆಯಲ್ಲಿತ್ತು.

*

ಜವರಯ್ಯ ಕುಶಾಲನಗರದಲ್ಲಿ ಡಂಗುರ ಸಾರುವವನು. ಅಂಥ ಗಂಟಲು ಏಳು ರಾಜ್ಯದಲ್ಲಿರಲಿಲ್ಲ. ಅವನು ಸಂತೆಯಲ್ಲಿ ಕೂಗಿದರೆ ಚೆಟ್ಟಳ್ಳಿಯ ತೋಟದಲ್ಲಿ ಕಾಫಿ ಹಣ್ಣು ತಾನೇ ಉದುರುತ್ತಿತ್ತು, ತಿತಿಮತಿಯ ಕಾಡಾನೆ ಮಗ್ಗುಲು ಬದಲಿಸುತ್ತಿತ್ತು. ಊರಂಚಿನ ಕಾವೇರಿಯೇ ಗಡಿ, ಸೇತುವೆ ದಾಟಿದರೆ ಮೈಸೂರು ರಾಜ್ಯ. ಕೊಡಗು ರಾಜ್ಯ ಮೈಸೂರಿಗೆ ಸೇರಬೇಕೋ ಬೇಡವೋ ಎಂಬ ಗಲಾಟೆಯ ಕಾಲ. ಆ ವಿಷಯವಾಗಿ ಯಾರೂ ಬಹಿರಂಗವಾಗಿ ಭಾಷಣ ಮಾಡಕೂಡದೆಂದು ಆಜ್ಞೆಯಾಯಿತು. ಅದನ್ನು ಸಾರಲು ಜವರಯ್ಯನನ್ನೇ ಕಳಿಸಿದರು. ಸಾರಿದ. ಸಾರಿ, ತಮಟೆ ಇಳಿಸದೆ, ಬಾಲವೊಂದನ್ನು ಅಂಟಿಸಿದ:

"ಇದು ಸರ್ಕಾರದ ಮಾತು. ಇನ್ನು ನನ್ ಮಾತು ಕೇಳ್ರಪ್ಪೋ! ಸೇರ್ಸೋದಾದ್ರೆ ಬಿರ್ರನೆ ಸೇರ್ಸಿಬುಡಿ. ಹೆಂಡ್ರು ಮುನಿಸ್ಕೊಂಡು ಹೊಳೆ ದಾಟುದ್ರೆ ಬೇರೆ ರಾಜ್ಯಕ್ಕೋಗಿ ಕರ್ಕೊಂಬರ್ಬೇಕು!"

ಸಂತೆ ನಕ್ಕಿತು. ಸಾರಿದವನೇ ಆಜ್ಞೆ ಮುರಿದನೆಂದು ಕೇಸಾಯಿತು. ಮ್ಯಾಜಿಸ್ಟ್ರೇಟರು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಹೆಬ್ಬೆಟ್ಟೊತ್ತಿ ಮನೆಗೆ ಬಂದವನಿಗೆ ರಾಮಮ್ಮ, ಸಂತೆಯಲ್ಲಿ ಮಾನ ಹೋದ ಸಿಟ್ಟಿಗೆ, "ಇನ್ನಾದ್ರೂ ಬಾಯ್ ಮುಚ್ಕೊಂಡ್ ಬಿದ್ದಿರು" ಎಂದಳು.

ಮುಚ್ಚಿದ, ಮನೆಯಲ್ಲೂ ಊರಲ್ಲೂ. ಬಡಿಸುವಾಗಲೆಲ್ಲ ಅವಳು "ಉಪ್ಪು ಸರಿ ಐತಾ?" ಎನ್ನುವಳು. ಗೋಡೆಯಾದರೂ ಉತ್ತರ ಕೊಟ್ಟೀತು, ಅವನು ತಲೆ ಮಾತ್ರ ಆಡಿಸುವನು. ಉಂಡು, ಹೊಗೆಸೊಪ್ಪಿಗೆಂದು ಸೇತುವೆಯ ಕಡೆ ನಡೆಯುವನು.

*

ಚಟ್ಟ ಕಟ್ಟುವಾಗ ಪೇದೆ ನಾಣಯ್ಯ ಬಂದು ಟೋಪಿ ತೆಗೆದ.

"ರಾಮಮ್ಮ, ತಪ್ಪು ನಂದು. ಹೆಬ್ಬೆಟ್ಟು ಒತ್ತುವಾಗ, 'ಸ್ವಾಮಿ, ಮನೇಲೂ ಮಾತಾಡ್ಬಾರ್ದಾ?' ಅಂತ ಕೇಳ್ದ. ನಾನು ತಮಾಷೆಗೆ, 'ಕೊಡಗಿನ ಗಡಿಯೊಳಗೆ ಎಲ್ಲಿ ಬಾಯಿ ಬಿಟ್ರೂ ಜೈಲು, ಕೇಳಿಸ್ಕೊಂಡ ಹೆಂಡ್ತಿಗೂ ಜೈಲು' ಅಂದೆ."

"ಕಾಗದ್ದಾಗೆ ಹಂಗೇ ಬರ್ದಿತ್ತಾ ಸಾಮಿ?"

"ಇಲ್ಲ. ನಾಲ್ಕು ಜನರ ಮುಂದೆ ಭಾಷಣ ಮಾಡ್ಬಾರ್ದು ಅಂತ ಅಷ್ಟೇ. ಅದೂ ಆರೇ ತಿಂಗಳು. ಹೇಳೋಣ ಅಂತಿದ್ದೆ... ಮರ್ತೇಬಿಟ್ಟೆ."

"ಬರೋ ತಿಂಗಳು ಗಡಿಯೇ ಇರಾಕಿಲ್ಲ," ಎಂದು ಪುಟ್ಟರಾಜು ಹಗ್ಗ ಬಿಗಿದ.

ಅಷ್ಟರಲ್ಲಿ ಸೇತುವೆಯಾಚೆಯ ಕೊಪ್ಪದಿಂದ ಎಂಟು ಜನ ಗೋಳಿಡುತ್ತ ಬಂದರು. ರಾಮಮ್ಮನಿಗೆ ಒಬ್ಬರ ಗುರುತೂ ಇಲ್ಲ.

"ಎಂಥಾ ಮಾತುಗಾರ ಹೋಗ್ಬುಟ್ನವ್ವಾ!" ಎಂದ ಮುಂದಿದ್ದ ಕಾಫಿ ಹೋಟೆಲಿನ ಕರಿಬಸಪ್ಪ.

"ಯಾರು? ನಮ್ಮವನಾ?"

"ಮೈಸೂರು ಸೀಮೆಗೆ ಕಾಲಿಟ್ಟ ಅಂದ್ರೆ ಶುರು! ಬೆಂಚ್ನಾಗ್ ಕುಂತು ದಿನಾ ನಿಮ್ದೇ ಸುದ್ದಿ. 'ನಮ್ ರಾಮಿ ಇವತ್ತು ಹುರುಳಿ ಸಾರು ಮಾಡವ್ಳೆ, ಉಪ್ಪು ಒಂದ್ ಕಲ್ಲು ಜಾಸ್ತಿ, ಹೇಳಾಣ ಅಂದ್ರೆ ಅವಳ್ನೂ ಹಿಡ್ಕೊಂಡೋಗ್ತಾರೆ' ಅಂತಿದ್ದ. 'ಒಂದ್ಸಲ ಇಲ್ಲಿಗೇ ಕರ್ಕೊಂಬಾರೋ' ಅಂದಿದ್ವಿ."

ರಾಮಮ್ಮ ತನ್ನ ಮುಂಗೈಯನ್ನೇ ನೋಡಿಕೊಂಡಳು. "ಕರ್ದಿದ್ದ. ಗೌರಿ ಹಬ್ಬದ ದಿನ ಕೈ ಹಿಡ್ದು ಸೇತುವೆ ಕಡೀಕೆ ಎಳ್ದ. ಹೊಡೀತಾನೆ ಅಂದ್ಕೊಂಡು ಕಿತ್ಕೊಂಡೆ."

ಗಂಡಸರು ಹೆಣ ಹೊತ್ತು ಹೋದರು. ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು, ದೀಪ ನೋಡಿ, ಚದುರಿದರು. ರಾಮಮ್ಮ ಒದ್ದೆ ತಲೆಯಲ್ಲೇ ಎದ್ದು, ಒಬ್ಬಳೇ ಸೇತುವೆ ದಾಟಿದಳು. ಕೆಳಗೆ ಕಾವೇರಿ ಎರಡೂ ರಾಜ್ಯಕ್ಕೆ ಕೇಳುವಂತೆ ಮೊರೆಯುತ್ತಿದ್ದಳು. ಹೋಟೆಲಿನ ಬೆಂಚಿನಲ್ಲಿದ್ದವರು ಸರಿದು ಜಾಗ ಬಿಟ್ಟರು.

"ಉಪ್ಪು," ಎಂದಳು, "ಯಾವ್ಯಾವತ್ತು ಜಾಸ್ತಿ ಆಗಿತ್ತಂತೆ?"

ಕರಿಬಸಪ್ಪ ಹಾಲಿನ ಪಾತ್ರೆ ಕೆಳಗಿಟ್ಟು, ಅವಳೆದುರು ಕುಕ್ಕರುಗಾಲಲ್ಲಿ ಕೂತು, ಎರಡು ವರ್ಷದ ಹಿಂದಿನ ಮೊದಲನೆಯ ದಿನದಿಂದ ಹೇಳತೊಡಗಿದ. ರಾಮಮ್ಮ ಕಿವಿಯ ಮೇಲಿದ್ದ ಸೆರಗನ್ನು ಹಿಂದಕ್ಕೆ ಸರಿಸಿಕೊಂಡಳು.