ಎಂಟನೆಯ ಗೆರೆ

"ಕೋರ್ಸ್ ಪೂರ್ತಿ ಮಾಡಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು," ಎಂದು ಡಾಕ್ಟರು ಮೂರನೆಯ ಸಲ ಕೇಳಿದರು. ಅವರ ಕೈಯಲ್ಲಿ ಹನ್ನೊಂದು ವರ್ಷದ ಹಿಂದಿನ ಚೀಟಿಯಿತ್ತು. ಮಡಿಕೆಗಳಲ್ಲಿ ಹರಿದಿದ್ದ ಅದನ್ನು ಹಿಂದಿನಿಂದ ಅಸ್ತರಿನ ಬಟ್ಟೆಯ ಚೂರು ಅಂಟಿಸಿ ಒಟ್ಟು ಮಾಡಲಾಗಿತ್ತು.

"ಮಾಡಿದೆ ಡಾಕ್ಟ್ರೇ," ಎಂದಳು ತಂಗಿ. "ಒಂದು ಮಾತ್ರೆನೂ ದಂಡ ಆಗಲಿಲ್ಲ."

ಪಕ್ಕದ ಕುರ್ಚಿಯಲ್ಲಿ ಅಕ್ಕ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ತಂಗಿಯನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಇದ್ದಳಂತೆ. ಐವತ್ತು ದಾಟಿದರೂ ಆ ಹೆಸರು ಕಿತ್ತು ಬಿದ್ದಿರಲಿಲ್ಲ. ಇಬ್ಬರೂ ಸೇರಿ ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದರು. ಎದುರುಬದುರು ಎರಡು ಮಿಷನ್ನು, ನಡುವೆ ಕಟಿಂಗ್ ಟೇಬಲ್ಲು, ಇಬ್ಬರಿಗೂ ಸೇರಿ ಒಂದೇ ದೊಡ್ಡ ಕತ್ತರಿ. ಏನೇ ಬಂದರೂ ಅರ್ಧರ್ಧ. ಒಬ್ಬಳು ಕತ್ತರಿಸಬೇಕು, ಇನ್ನೊಬ್ಬಳು ಮೊದಲು ಆರಿಸಬೇಕು. ಚಿಕ್ಕಂದಿನಲ್ಲಿ ಒಂದು ಹಣ್ಣಿಗಾಗಿ ಜಡೆ ಹಿಡಿದು ಜಗಳವಾಡಿದಾಗ ಅಮ್ಮ ಮಾಡಿಕೊಟ್ಟ ಕಾನೂನು ಅದು. ಅಮ್ಮ ಹೋದ ಮೇಲೂ ಕಾನೂನು ಇತ್ತು.

"ನೋಡಿ, ಪೂರ್ತಿ ತಗೊಂಡೂ ನಿಮ್ಮ ಹೊಟ್ಟೆಯಲ್ಲಿರೋ ಬ್ಯಾಕ್ಟೀರಿಯಾ ಸತ್ತಿಲ್ಲ ಅಂದ್ರೆ ಔಷಧಾನೇ ಬದಲಾಯಿಸಬೇಕಾಗುತ್ತೆ. ಅದಕ್ಕೇ ಪೀಡಿಸ್ತಿದೀನಿ."

"ಅವಳು ತಗೊಂಡಿದ್ದು ಏಳೇ ದಿನ," ಎಂದಳು ಅಕ್ಕ.

"ಅಕ್ಕಾ, ಸುಮ್ನಿರೇ."

"ಇನ್ನೇಳು ದಿನದ್ದು ನಾನು ತಗೊಂಡೆ."

ಡಾಕ್ಟರು ಕನ್ನಡಕ ತೆಗೆದು ಒಬ್ಬೊಬ್ಬರನ್ನೇ ನೋಡಿದರು. "ಹಾಗಾದ್ರೆ ಕೋರ್ಸ್ ಮುಗಿಸಿದ್ದು ಯಾರು?"

"ಇಬ್ರೂ ಸೇರಿ ಮುಗಿಸಿದ್ವಿ," ಎಂದಳು ಗುಂಡಿ.

ಡಾಕ್ಟರು ನಗಲಿಲ್ಲ.

ಅಕ್ಕನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಗುಂಡಿ ಹೊಟ್ಟೆಯುರಿ ತಾಳಲಾರದೆ ಆಸ್ಪತ್ರೆಗೆ ಹೋಗಿ, ಗಂಟಲಿಗೆ ನಳಿಕೆ ಇಳಿಸಿಕೊಂಡು, ಹದಿನಾಲ್ಕು ದಿನದ ಮಾತ್ರೆ ತಂದಿದ್ದಳು. ಅಕ್ಕನಿಗೂ ತಿಂಗಳುಗಳಿಂದ ಅದೇ ಉರಿ. ಆಸ್ಪತ್ರೆ ಮೆಟ್ಟಿಲು ಹತ್ತುವವಳಲ್ಲ. "ಉರಿ ಒಂದೇ ಅಂದ್ಮೇಲೆ ಮಾತ್ರೆನೂ ಒಂದೇ ತಾನೆ, ನನಗೂ ಒಂದಿಷ್ಟು ಕೊಡೇ," ಎಂದು ಬಾಯಿಬಿಟ್ಟು ಕೇಳಿದವಳು ಅವಳೇ. ಗುಂಡಿ ಮಾತ್ರೆಗಳ ಪಟ್ಟಿಗಳನ್ನು ಟೇಬಲ್ಲಿನ ಮೇಲೆ ಹರಡಿದಳು. ಅಕ್ಕ ಕತ್ತರಿಸಿದಳು, ಗುಂಡಿ ಆರಿಸಿದಳು. ಐದನೆಯ ದಿನಕ್ಕೆ ಇಬ್ಬರ ಉರಿಯೂ ನಿಂತಿತು. ಒಬ್ಬರ ಔಷಧದಲ್ಲಿ ಇಬ್ಬರು ವಾಸಿಯಾದೆವೆಂದು ಬೀಗಿದ್ದೇ ಬೀಗಿದ್ದು. ಬ್ಯಾಕ್ಟೀರಿಯಾ ಸತ್ತಿದೆಯೋ ಇಲ್ಲವೋ ತಿಳಿಯಲು ಎರಡು ತಿಂಗಳು ಬಿಟ್ಟು ಬಂದು ಉಸಿರಿನ ಪರೀಕ್ಷೆ ಮಾಡಿಸಿ ಎಂದು ಚೀಟಿಯ ಕೆಳಗೆ ಬರೆದಿತ್ತು. ಆಗ ಶಾಲೆಯ ಸಮವಸ್ತ್ರಗಳ ರಾಶಿ ಅಂಗಡಿಯ ಸೂರು ಮುಟ್ಟಿತ್ತು. "ಹೊಲಿಗೆ ಸರಿಯಾಗಿ ಕೂತಿದೆ, ಬಿಚ್ಚಿ ಯಾಕೆ ನೋಡೋದು?" ಎಂದಿದ್ದಳು ಅಕ್ಕ. ಆಮೇಲೆ ಉರಿ ಆಗಾಗ ಬಂದು ಹೋಗುತ್ತಿತ್ತು. ಗುಲಾಬಿ ಬಣ್ಣದ ಔಷಧದ ಬಾಟಲಿ ಮಿಷನ್ನಿನ ಪಕ್ಕದಲ್ಲೇ ಇರುತ್ತಿತ್ತು; ಅದರಲ್ಲೂ ಅವಳಿಗೊಂದು ಮುಚ್ಚಳ, ಇವಳಿಗೊಂದು ಮುಚ್ಚಳ.

ಡಾಕ್ಟರು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದರು. "ಇದು ಒಳಪದರ. ಬ್ಯಾಕ್ಟೀರಿಯಾ ಇಲ್ಲಿ ಮನೆ ಮಾಡ್ಕೊಂಡಿರುತ್ತೆ. ಅರ್ಧ ಔಷಧಕ್ಕೆ ಸೊಪ್ಪು ಹಾಕಲ್ಲ, ಸ್ವಲ್ಪ ದಿನ ಅಡಗಿ ಕೂತು ಮತ್ತೆ ಹೆಚ್ಚುತ್ತೆ. ಅದು ಇರೋವರೆಗೂ ಒಳಗೆ ಉರಿಯೂತ. ನಿಮಗೆ ಉರಿ ಗೊತ್ತಾಗದೇ ಇದ್ರೂ ಇರುತ್ತೆ. ಗಾಯ ಆಗುತ್ತೆ, ಮಾಯುತ್ತೆ, ಅದೇ ಜಾಗದಲ್ಲಿ ಮತ್ತೆ ಆಗುತ್ತೆ. ವರ್ಷಗಟ್ಟಲೆ ಹೀಗೇ ಆದ್ರೆ ಹೊಸದಾಗಿ ಬೆಳೆಯೋ ಪದರ ಮೊದಲಿನ ಥರ ಇರಲ್ಲ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಅದು ಕ್ಯಾನ್ಸರ್ ಆಗುತ್ತೆ. ನಿಮ್ಮ ತಂಗಿಗೆ ಆಗಿರೋದು ಅದೇ."

ಅಕ್ಕನಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊಣಕೈ ಸವೆದ ಕೋಟಿಗೆ ದಾರ ಹೆಣೆದು ರಫು ಹಾಕುವವಳು ಅವಳು. ಒಂದೇ ಜಾಗಕ್ಕೆ ಐದಾರು ಸಲ ಹಾಕಿದರೆ ಅಲ್ಲಿ ಬಟ್ಟೆಯೇ ಇರುವುದಿಲ್ಲ, ಗಂಟುಗಟ್ಟಿದ ದಾರ ಮಾತ್ರ ಕೈಗೆ ಸಿಗುತ್ತದೆ.

"ಹದಿನಾಲ್ಕು ದಿನದ್ದೂ ಅವಳೇ ತಗೊಂಡಿದ್ರೆ?"

"ಬರ್ತಾನೇ ಇರಲಿಲ್ಲ ಅನ್ನೋಕಾಗಲ್ಲ ಅಮ್ಮ. ಬರೋ ಸಾಧ್ಯತೆ ಕಡಿಮೆ ಆಗ್ತಿತ್ತು."

"ಎಷ್ಟು ಕಡಿಮೆ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮಿಬ್ಬರನ್ನ ಅಳೆಯೋಕೆ ನನ್ನ ಹತ್ರ ಅಂಥ ಟೇಪಿಲ್ಲ. ನಾಳೆ ನೀವೂ ಪರೀಕ್ಷೆಗೆ ಬನ್ನಿ."

ಮಾರನೆಯ ದಿನ ನೋಡಿದರೆ ಬ್ಯಾಕ್ಟೀರಿಯಾ ಅಕ್ಕನ ಹೊಟ್ಟೆಯಲ್ಲೂ ಇತ್ತು. ಒಳಪದರ ಕೆಂಪಗಾಗಿತ್ತು, ಅಷ್ಟೇ. ಗಂಟು ಗಿಂಟು ಇರಲಿಲ್ಲ. ಆ "ಅಷ್ಟೇ" ಎಂಬ ಮಾತು ಕೇಳಿ ಅಕ್ಕ ತಲೆ ಎತ್ತದೆ ಹೊರಗೆ ಬಂದಳು. ಗುಂಡಿಗೆ ಮುಂದಿನ ವಾರ ಆಪರೇಷನ್, ಹೊಟ್ಟೆಯ ಮುಕ್ಕಾಲು ಪಾಲು ತೆಗೆಯುತ್ತಾರೆ. ಅಕ್ಕನಿಗೆ ಹದಿನಾಲ್ಕು ದಿನದ ಮಾತ್ರೆ, ಬೆಳಿಗ್ಗೆ ಮತ್ತು ಸಂಜೆ.

ಆ ಸಂಜೆ ಅಂಗಡಿಯಲ್ಲಿ ಅಕ್ಕ ಮಾತ್ರೆಗಳನ್ನು ಟೇಬಲ್ಲಿನ ಮೇಲಿಟ್ಟುಕೊಂಡು ಕುಳಿತೇ ಇದ್ದಳು. ಕೈ ತನ್ನಷ್ಟಕ್ಕೆ ಕತ್ತರಿಯ ಕಡೆ ಹೋಯಿತು. ಗುಂಡಿ ಅದನ್ನೆತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು.

"ಕೈ ಹಾಕಿದ್ರೆ ನೋಡು! ನುಂಗು ಮೊದ್ಲು."

"ಇಳಿಯಲ್ಲ ಕಣೇ ಗುಂಡಿ. ನಿನ್ನ ಪಾಲು ನುಂಗಿ ನಾನು ಗುಂಡುಕಲ್ಲಿನ ಹಾಗೆ ಕೂತಿದೀನಿ. ಅದು ನನಗಾದ್ರೂ ಬರಬಾರದಿತ್ತಾ?"

"ಓಹೋ, ಈಗ ಇದರಲ್ಲೂ ಪಾಲು ಬೇಕಾ? ಆಸೆಬುರುಕಿ. ಇದು ಪೂರ್ತಿ ನಂದು." ಗುಂಡಿ ನಕ್ಕಳು. ನಗು ಅರ್ಧಕ್ಕೇ ನಿಂತು, ಹೊಟ್ಟೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಗೆ ಗುರುತು ಹಾಕುವ ಬಿಳಿ ಸೀಮೆಸುಣ್ಣ ತೆಗೆದುಕೊಂಡು ಟೇಬಲ್ಲಿನ ಅಂಚಿನುದ್ದಕ್ಕೂ ಹದಿನಾಲ್ಕು ಗೆರೆ ಎಳೆದಳು. ಗೆರೆಗಳು ನೆಟ್ಟಗಿದ್ದವು. "ದಿನಾ ಸಂಜೆ ಒಂದು ಅಳಿಸು. ಸುಳ್ಳು ಅಳಿಸಿದ್ರೆ ನನಗೆ ಗೊತ್ತಾಗುತ್ತೆ."

ಅಕ್ಕ ನುಂಗಿದಳು.

ಆಪರೇಷನ್ನಿನ ಮಾರನೆಯ ದಿನ ಮಧ್ಯಾಹ್ನ ಗುಂಡಿ ಮೂಗಿನಲ್ಲಿ ನಳಿಕೆ ಇಟ್ಟುಕೊಂಡು ಮಲಗಿದ್ದಳು. ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಿದ್ದೇವೆ, ಎಷ್ಟು ದೂರ ಹಬ್ಬಿದೆಯೆಂದು ಆಮೇಲೆ ಹೇಳುತ್ತೇವೆ ಎಂದಿದ್ದರು. ಅಕ್ಕ ಬಗ್ಗಿದಾಗ ಗುಂಡಿಯ ತುಟಿ ಅಲ್ಲಾಡಿತು.

"ಎಷ್ಟನೇದು?"

"ಇವತ್ತು ಎಂಟು ಕಣೇ."

"ಎಂಟು..." ಗುಂಡಿ ಕಣ್ಣು ಮುಚ್ಚಿದಳು. "ನಾನು ಏಳಕ್ಕೇ ನಿಂತವಳು. ಎಂಟನೇದು ಹೆಂಗಿರುತ್ತೆ ನೋಡ್ಕೊಂಡು ಬಂದು ಹೇಳು."

ಸಂಜೆ ಅಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಹೋದಳು. ನೀರು ಕುಡಿದು ಮಾತ್ರೆ ನುಂಗಿದಳು. ಎಲ್ಲ ದಿನದ ಹಾಗೇ ಕಹಿಯಾಗಿತ್ತು. ಎಂಟನೆಯ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಎದುರಿನ ಮಿಷನ್ನಿನ ಸೂಜಿಯ ಕೆಳಗೆ ಗುಂಡಿ ಅರ್ಧಕ್ಕೆ ಬಿಟ್ಟುಹೋದ ಕಪ್ಪು ಕೋಟಿತ್ತು. ದೂಳು ಕೂರದಿರಲೆಂದು ಅದನ್ನು ಮಡಿಸಲು ಹೋದಳು. ಕೋಟಿನ ಭುಜದ ಮೇಲೆ ಸೀಮೆಸುಣ್ಣದ ಬಿಳಿಯ ಹೆಬ್ಬೆಟ್ಟೊಂದು ಮೂಡಿತು.