ಚಾಪೆ ಎತ್ತುವ ಕೈ

"ಎತ್ತಲ್ಲ ಅಂದ್ರೆ ಎತ್ತಲ್ಲ, ಅತ್ತೆ. ಅಲ್ಲೇ ಕೂತು ಒಣಗ್ಲಿ ಅವ್ನು."

ಮನೊಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಡಗಣ್ಣು ಊದಿ ಪೂರ್ತಿ ಮುಚ್ಚಿಹೋಗಿತ್ತು. ಸಾವಿಲಿ ತಮ್ಮನ ಮಗಳ ತಲೆ ಸವರಿ, "ಬೇಡ ಬಿಡು. ನಿನ್ನಿಷ್ಟ. ಅದಕ್ಕೇ ಅಲ್ವಾ ನಾನಿಷ್ಟು ದಿನ ಬಡ್ಕೊಂಡಿದ್ದು" ಎಂದಳು. ಹಾಗೆನ್ನುವಾಗ ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಇಂಥ ಹೊತ್ತಲ್ಲೂ ಹೆಮ್ಮೆ ಪಡುತ್ತೇನಲ್ಲ ಎಂದು ನಾಚಿಕೆಯೂ ಆಯಿತು.

ಹೊರಗೆ ತಮ್ಮ ಫೆಟುವಿನ ಅಂಗಳದಲ್ಲಿ ಬೆಳಕು ಹರಿಯುವ ಮುಂಚೆಯೇ ಮನೊಗಿಯ ಗಂಡ ಫಲಾನಿಕೊ ಬಂದು ಕೂತಿದ್ದ. ಬೇಕಾದರೆ ನನ್ನನ್ನೇ ಸುಟ್ಟು ತಿನ್ನಿ ಎನ್ನುವುದಕ್ಕೆ ಮುಂದೆ ಒಲೆಗಲ್ಲು, ಸೌದೆ ಇಟ್ಟುಕೊಂಡಿದ್ದ. ತಲೆಯ ಮೇಲೆ ಅವರ ಮನೆತನದ ನಯವಾದ ಹಳೆಯ ಚಾಪೆ. ನೊಂದ ಮನೆಯವರು ಬಂದು ಎತ್ತುವವರೆಗೆ, ಬಿಸಿಲಿರಲಿ ಮಳೆಯಿರಲಿ, ಚಾಪೆಯಡಿ ಕೂತವನು ಏಳುವಂತಿಲ್ಲ. ಎತ್ತಿದರೆ ಕ್ಷಮಿಸಿದಂತೆ, ಆಮೇಲೆ ಆ ಮಾತನ್ನು ಯಾರೂ ತೆಗೆಯಬಾರದು. ಸಮೋವಾದ ಊರುಗಳಲ್ಲಿ ಕೊಲೆಗೂ ಜಮೀನಿನ ಜಗಳಕ್ಕೂ ಹೀಗೇ ನಡೆದು ಬಂದಿತ್ತು. ಆದರೆ ಈ ಊರಲ್ಲಿ ಹೆಂಡತಿಗೆ ಹೊಡೆದವನು ಮಾತ್ರ ಚಾಪೆ ಹೊದ್ದು ಕೂತದ್ದಿರಲಿಲ್ಲ. ಅವನ ಕಡೆಯ ಹಿರಿಯರು ಬಂದು ಇವಳ ಅಪ್ಪನ ಹತ್ತಿರ ನಾಲ್ಕು ಮಾತಾಡಿದರೆ, ಇವಳು ಗಂಟು ಕಟ್ಟಿಕೊಂಡು ಹಿಂದೆ ಹೊರಡಬೇಕಿತ್ತು.

ಅಪಿಯಾ ಪಟ್ಟಣದಲ್ಲಿ ಊರ ಮುಂದಾಳುಗಳಿಗೆ ತರಬೇತಿ ನಡೆದಾಗ ಹೆಂಗಸರ ಸಂಘದಿಂದ ಸಾವಿಲಿ ಹೋಗಿದ್ದಳು. ಹೊರಗಿನಿಂದ ತಂದ ಬದಲಾವಣೆ ಊರಿಗೆ ಒಗ್ಗುವುದಿಲ್ಲ, ನಿಮ್ಮ ಪದ್ಧತಿಯೊಳಗೇ ದಾರಿ ಹುಡುಕಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಅವಳು ಹುಡುಕಿದಳು. ಹೊಡೆದವನೇ ಚಾಪೆ ಹೊದೆಯಬೇಕು. ಎತ್ತುವ ಕೈ ಹೊಡೆತ ತಿಂದವಳದೇ ಆಗಬೇಕು, ಅವಳ ಅಪ್ಪನದಲ್ಲ, ಅಣ್ಣನದಲ್ಲ. ಯಜಮಾನರ ಸಭೆಯಲ್ಲಿ ಇದನ್ನು ಒಪ್ಪಿಸುವಷ್ಟರಲ್ಲಿ ಅವಳ ತಲೆ ನರೆಯಿತು. "ಇವತ್ತು ಹೆಂಗಸ್ರು, ನಾಳೆ ಹಂದಿನೂ ಸಭೆಗ್ ಬರುತ್ತೆ, ನನ್ನ ಯಾಕ್ ಸುಟ್ರಿ ಅಂತ" ಎಂದು ಹಿರಿಯ ಯಜಮಾನ ಲೇಔಸಾ ಎಲ್ಲರನ್ನೂ ನಗಿಸಿದ್ದ. ಕಡೆಗೆ ಫೆಟು, ಅಕ್ಕನ ಮಾತು ಮೀರಿದರೆ ಶಾಪ ತಟ್ಟೀತೆಂದು ಹೆದರಿ ಹೂಂ ಎಂದ; ಉಳಿದವರೂ ತಲೆಯಾಡಿಸಿದರು. ಆ ಕಟ್ಟಳೆ ನಡೆಯುತ್ತಿರುವುದು ಇದೇ ಮೊದಲು.

ಸಾವಿಲಿ ಅಂಗಳಕ್ಕೆ ಬಂದಳು. ಚಾಪೆಯ ಅಂಚಿನಲ್ಲಿ ಇನ್ನೊಂದು ಜೊತೆ ಪಾದ ಕಂಡವು, ಬಾತುಕೊಂಡ ಮುದಿ ಪಾದ.

"ಇದ್ಯಾರೋ?"

"ಅವ್ನಮ್ಮ" ಎಂದ ಫೆಟು. "ಹೆತ್ತವ್ಳು ನಾನು, ನಾನೂ ಕೂರ್ತೀನಿ ಅಂದ್ಲಂತೆ. ಸಕ್ಕರೆ ಕಾಯಿಲೆ ಮುದುಕಿ ಅಕ್ಕ, ಒಂದ್ ತೊಟ್ಟು ನೀರೂ ಕುಡಿದಿಲ್ಲ."

"ಎಬ್ಬಿಸಿ ನೆರಳಿಗೆ ಕರ್ಕೊಂಡ್ ಬಾ ಮತ್ತೆ!"

"ಹೆಂಗೆ? ಮನೊಗಿ ಬಿಟ್ಟು ಯಾರೂ ಚಾಪೆ ಮುಟ್ಟಬಾರ್ದು ಅಂತ ನೀನೇ ಅಲ್ವಾ ಮಾಡ್ಸಿದ್ದು?"

ಸಾವಿಲಿ ಎಲ್ಲವನ್ನೂ ಯೋಚಿಸಿದ್ದಳು, ತಾಯಿಯನ್ನು ಯೋಚಿಸಿರಲಿಲ್ಲ. ಅದೂ ಇಂಥ ತಾಯಿ. ಆ ಮನೆಯಲ್ಲಿ ಮನೊಗಿಗೆ ಏಟು ಬೀಳುವಾಗ ಅಡ್ಡ ಬರುತ್ತಿದ್ದವಳು ಇವಳೊಬ್ಬಳೇ. ಸಾವಿಲಿ ಬಗ್ಗಿ, "ಅಮ್ಮಾ, ನೀವು ಎದ್ದು ಬನ್ನಿ, ನಿಮ್ಮದೇನು ತಪ್ಪು?" ಎಂದಳು.

"ನನ್ ಸೊಸೆ ಬರ್ಲಿ" ಎಂದಿತು ಒಳಗಿನ ದನಿ. "ಅವ್ಳು ಬರ್ದೆ ಇದ್ರೆ ನಾನು ಇಲ್ಲೇ ಹೋಗ್ತೀನಿ."

ಬಿಸಿಲು ನೆತ್ತಿಗೇರಿತು. ಊರೇ ಬಂದು ಬೇಲಿಯ ಬಳಿ ನಿಂತಿತ್ತು. "ಹಿಂದಿನ ಕಾಲ ಆಗಿದ್ರೆ ಇಷ್ಟೊತ್ತಿಗೆ ಊಟ ಮುಗಿದಿರೋದು" ಎಂದು ಲೇಔಸಾ ಕೆಮ್ಮಿದ. ಸಂಘದ ಹೆಂಗಸರು, ಕೈ ಎತ್ತಿ ಕಟ್ಟಳೆಗೆ ಒಪ್ಪಿಗೆ ಕೊಟ್ಟವರೇ, "ಕಲ್ಲೆದೆ ಹುಡುಗಿ, ಹೆಣ್ ಜೀವ ಒಂದು ಬಿಸ್ಲಲ್ಲಿ ಬೇಯ್ತಿದ್ರೂ…" ಎಂದು ಗೊಣಗತೊಡಗಿದರು. ಚಾಪೆ ಮೆಲ್ಲಗೆ ಒಂದು ಕಡೆ ವಾಲಿತು. ಫಲಾನಿಕೊ ಅಮ್ಮಾ ಎಂದು ಕೂಗಿದ. ಆದರೆ ಅವನೂ ಏಳಲಿಲ್ಲ.

ಸಾವಿಲಿ ಒಳಗೆ ಹೋಗಿ ಹಾಸಿಗೆಯ ಬಳಿ ನಿಂತಳು.

"ಹೇಳು ಅತ್ತೆ" ಎಂದಳು ಮನೊಗಿ. "ನೀನೂ ಒಂದ್ಸಲ ಹೇಳ್ಬಿಡು."

"ಮುದುಕಿ ವಾಲ್ತಿದಾಳೆ ಕಣೇ…"

ಮನೊಗಿ ಎದ್ದು ಕೂತಳು. ಕೂದಲನ್ನು ಗಂಟು ಹಾಕಿಕೊಂಡಳು.

"ಮೊದ್ಲಾಗಿದ್ರೆ ಅಪ್ಪನೇ ಒಪ್ಕೊಂಡು ಕಳಿಸ್ತಿದ್ದ. ಸಾಯೋವರ್ಗೂ ಅಪ್ಪನ್ನ ಬೈಕೊಂಡಾದ್ರೂ ಇರ್ತಿದ್ದೆ. ಈಗ ಯಾರನ್ನ ಬೈಲಿ ಅತ್ತೆ?"

ನನ್ನನ್ನು ಬೈಯಿ ಎನ್ನಬೇಕೆನ್ನಿಸಿತು ಸಾವಿಲಿಗೆ. ಹಾಳಾಗಿ ಹೋಗಲಿ ಕಟ್ಟಳೆ, ನಾನೇ ಹೋಗಿ ಎತ್ತಿಬಿಡುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಹುಡುಗಿ ಬಾಗಿಲು ದಾಟಿದ್ದಳು.

ಚಾಪೆ ಎದ್ದಿತು. ಜನ ಹೋ ಎಂದರು. ಮುದುಕಿಯನ್ನು ನೆರಳಿಗೆ ಒಯ್ದು ಎಳನೀರು ಕುಡಿಸಿದರು. ಫಲಾನಿಕೊ ನೆಲಕ್ಕೆ ಹಣೆ ಹಚ್ಚಿ ಗಳಗಳ ಅತ್ತ. ನೋಡಿದವರ ಕಣ್ಣೂ ಒದ್ದೆಯಾಯಿತು. ಲೇಔಸಾ ಕೋಲೂರಿ ಎದ್ದು ನಿಂತ.

"ನಮ್ ಸಾವಿಲಿ ತಂದಿದ್ದು ಒಳ್ಳೇ ಪದ್ಧತಿ, ನಾನೇ ತಪ್ ತಿಳ್ಕೊಂಡಿದ್ದೆ. ಮುಂಚೆ ಹೆಣ್ಣಿನ ಕಡೆಯೋರು ವರ್ಷಗಟ್ಲೆ ಗೊಣಗೋರು. ಈಗ ಹೆಣ್ಣೇ ತನ್ ಕೈಯಾರೆ ಎತ್ತಿದ್ಮೇಲೆ ಯಾರ್ ಬಾಯ್ ಬಿಡ್ತಾರೆ? ಪಕ್ಕದೂರೋರೂ ಕಲೀಲಿ ಇದನ್ನ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ಫೆಟುವೇ ತಟ್ಟಿದ. ಸಾವಿಲಿ ತಲೆ ಬಗ್ಗಿಸಿ ಕೈ ಮುಗಿದಳು; ಬೇರೇನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

ಊಟಕ್ಕೆ ಕೂತರು. ಸುಟ್ಟ ಕೆಸುವಿನ ಗೆಡ್ಡೆ, ಮೀನು, ತೆಂಗಿನ ಹಾಲು. ಫಲಾನಿಕೊಗೆ ಬಡಿಸಿದವಳು ಸಾವಿಲಿಯೇ. ಮನೆಗೆ ಬಂದ ನೆಂಟನಿಗೆ ಮನೆಯ ಹಿರಿಯಳು ಬಡಿಸಬೇಕು. ಅವನು "ಸಾಕು ಅತ್ತೆ, ಸಾಕು" ಎಂದು ಮೆತ್ತಗೆ ಹೇಳಿದ. ಮನೊಗಿ ಒಂದು ಬೀಸಣಿಗೆ ತಂದು ಅವನ ಎದುರಿಗೆ ಕಾಲು ಮಡಚಿ ಕೂತಳು. ತೆರೆದಿದ್ದ ಒಂದೇ ಕಣ್ಣನ್ನು ಅವನ ತಟ್ಟೆಯ ಮೇಲಿಟ್ಟು, ನೊಣ ಕೂರದಂತೆ ಮೆಲ್ಲಗೆ ಬೀಸತೊಡಗಿದಳು.